ಗಣಕಯಂತ್ರದ ಪ್ರೊಸೆಸರ್‌ನ ಉಷ್ಣಾಂಶ: ಅರಿಯುವ ಮತ್ತು ಪರೀಕ್ಷಿಸುವ ಬಗೆ

ಮನೆ, ಅಂಗಡಿ, ಕಚೇರಿಗಳಲ್ಲಿ ಬಳಸುವ ಡೆಸ್ಕ್‌ಟಾಪ್ ಗಣಕಯಂತ್ರವು ಬೇಸಿಗೆಯಲ್ಲಿ ನಿಧಾನವಾಗುವುದು ಅಥವಾ ಕೆಲಸದ ನಡುವೆಯೇ ತಾನಾಗಿ ನಿಂತುಹೋಗುವುದು ಅನೇಕರ ಅನುಭವ. ಉಳಿಸದಿದ್ದ ಲೆಕ್ಕಪತ್ರಗಳು ಕೈತಪ್ಪುತ್ತವೆ. ಯಂತ್ರ ಹಳೆಯದಾಯಿತೆಂದು ಹೊಸದನ್ನು ಕೊಳ್ಳುವವರೂ ಉಂಟು. ಅಂತಹ ವೆಚ್ಚಕ್ಕೆ ಮುನ್ನ ಪ್ರೊಸೆಸರ್‌ನ ಉಷ್ಣಾಂಶವನ್ನು ಪರೀಕ್ಷಿಸುವುದು ಅವಶ್ಯ.

ಶಾಖ ಉಂಟಾಗುವುದೇಕೆ?

ಪ್ರೊಸೆಸರ್ ಬಳಸುವ ವಿದ್ಯುತ್ತು ಬಹುತೇಕ ಪೂರ್ತಿಯಾಗಿ ಶಾಖವಾಗಿ ಮಾರ್ಪಡುತ್ತದೆ. ಈ ಶಾಖವು ಥರ್ಮಲ್ ಪೇಸ್ಟ್ ಎಂಬ ಲೇಪದ ಮೂಲಕ ಲೋಹದ ಹೀಟ್ ಸಿಂಕ್‌ಗೆ ಹರಿದು, ಫ್ಯಾನಿನ ಗಾಳಿಯೊಡನೆ ಹೊರಹೋಗುತ್ತದೆ. ಒಳಬರುವ ಗಾಳಿಯೇ ಬಿಸಿಯಾಗಿದ್ದರೆ ಪ್ರೊಸೆಸರ್‌ನ ಉಷ್ಣಾಂಶವೂ ಸರಿಸುಮಾರು ಅಷ್ಟೇ ಏರುತ್ತದೆ.

ಅಂಕಿಗಿಂತ ಅಂತರ ಮುಖ್ಯ

ಪೂರ್ಣ ಕೆಲಸದಲ್ಲಿ ತೊಡಗಿದ ಪ್ರೊಸೆಸರ್ ಕೊಠಡಿಗಿಂತ 45 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗುವುದೆಂದು ಭಾವಿಸೋಣ. ಕೊಠಡಿ 22 ಡಿಗ್ರಿ ಇದ್ದಾಗ ಅದು 67 ಡಿಗ್ರಿ ತೋರಿಸುತ್ತದೆ. ದೆಹಲಿಯ ಮೇ ತಿಂಗಳಲ್ಲಿ ಕೊಠಡಿ 38 ಡಿಗ್ರಿಗೇರಿದರೆ 83 ಡಿಗ್ರಿ ತೋರಿಸುತ್ತದೆ. ಅಂತರ ಬದಲಾಗಿಲ್ಲ, ಆದ್ದರಿಂದ ಯಂತ್ರದಲ್ಲಿ ದೋಷವಿಲ್ಲ. ಆದರೆ 22 ಡಿಗ್ರಿಯ ಕೊಠಡಿಯಲ್ಲಿಯೇ, ಅದೇ ಕೆಲಸಕ್ಕೆ, 83 ಡಿಗ್ರಿ ಕಂಡುಬಂದರೆ ಅಂತರವು 61 ಡಿಗ್ರಿಗೆ ಏರಿದಂತಾಯಿತು. ಶಾಖ ಹೊರಹೋಗುವ ದಾರಿಯಲ್ಲಿ ತಡೆಯಿದೆ ಎಂಬುದಕ್ಕೆ ಇದು ಸೂಚನೆ.

ಪರೀಕ್ಷಿಸುವ ಕ್ರಮ

1. ಯಂತ್ರದ ಬಳಿ ಥರ್ಮಾಮೀಟರ್ ಇಟ್ಟು ಕೊಠಡಿಯ ಉಷ್ಣಾಂಶವನ್ನು ಬರೆದುಕೊಳ್ಳಿ.
2. ವಿಂಡೋಸ್ ಬಳಸುವವರು ಕೋರ್ ಟೆಂಪ್‌ನಂತಹ ತಂತ್ರಾಂಶವನ್ನೂ, ಲಿನಕ್ಸ್ ಬಳಸುವವರು ಎಲ್‌ಎಂ-ಸೆನ್ಸರ್ಸ್ ತಂತ್ರಾಂಶವನ್ನೂ ಅಳವಡಿಸಿಕೊಳ್ಳಬಹುದು. ಬಯೋಸ್ ಪರದೆಯ ಅಂಕಿ ವಿಶ್ರಾಂತಿಯದೂ ಅಲ್ಲ, ಪೂರ್ಣ ಕೆಲಸದ್ದೂ ಅಲ್ಲ; ಅದೊಂದನ್ನೇ ನಂಬುವುದು ಸರಿಯಲ್ಲ.
3. ಯಾವ ಕೆಲಸವನ್ನೂ ನೀಡದೆ 15 ನಿಮಿಷ ಬಿಟ್ಟು, ವಿಶ್ರಾಂತಿಯ ಉಷ್ಣಾಂಶವನ್ನು ಗುರುತಿಸಿ.
4. ತೆರೆದ ಕಡತಗಳನ್ನೆಲ್ಲ ಉಳಿಸಿ, ಪ್ರೈಮ್95ರಂತಹ ತಂತ್ರಾಂಶದಿಂದ ಪೂರ್ಣ ಕೆಲಸ ನೀಡಿ. ಅಂಕಿ ಏರುವುದು ನಿಂತು ಸ್ಥಿರವಾದಾಗ ಬರೆದುಕೊಳ್ಳಿ. ಗರಿಷ್ಠ ಮಿತಿ ಸಮೀಪಿಸಿದರೆ ಪರೀಕ್ಷೆಯನ್ನು ಕೂಡಲೇ ನಿಲ್ಲಿಸಬೇಕು.
5. ಎರಡೂ ಅಂಕಿಗಳಿಂದ ಕೊಠಡಿಯ ಉಷ್ಣಾಂಶವನ್ನು ಕಳೆದು, ದಿನಾಂಕದೊಡನೆ ದಾಖಲಿಸಿಡಿ.

ಮಿತಿ ಎಷ್ಟು?

ಮಿತಿಯು ಮಾದರಿಯಿಂದ ಮಾದರಿಗೆ ಭಿನ್ನ. ಇಂಟೆಲ್‌ನ ಅನೇಕ ಪ್ರೊಸೆಸರ್‌ಗಳಿಗೆ ಅದು 100 ಡಿಗ್ರಿ. ಎಎಂಡಿ 2022ರಲ್ಲಿ ಹೊರತಂದ ರೈಜನ್ 7000 ಸರಣಿಯ ಮೊದಲ ಮಾದರಿಗಳಿಗೆ 95 ಡಿಗ್ರಿ. ಮಿತಿ ತಲುಪಿದ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದಕ್ಕೂ ಮೀರಿದರೆ ಯಂತ್ರ ನಿಂತುಹೋಗುತ್ತದೆ.

ಪರಿಹಾರ

ವಿದ್ಯುತ್ ಸಂಪರ್ಕ ಕಳಚಿದ ಬಳಿಕವೇ ಪೆಟ್ಟಿಗೆ ತೆರೆಯಬೇಕು. ಫ್ಯಾನ್ ತಿರುಗದಂತೆ ಹಿಡಿದು, ಮೃದುವಾದ ಕುಂಚದಿಂದ ಧೂಳನ್ನು ತೆಗೆಯಬೇಕು. ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಡಬಾರದು. ಇಷ್ಟರಿಂದಲೂ ಅಂತರ ತಗ್ಗದಿದ್ದರೆ, ಒಣಗಿದ ಥರ್ಮಲ್ ಪೇಸ್ಟನ್ನು ಬಲ್ಲವರಿಂದ ಬದಲಾಯಿಸಬೇಕು. ಅನಂತರ ಅದೇ ಕ್ರಮದಲ್ಲಿ ಮತ್ತೊಮ್ಮೆ ಪರೀಕ್ಷಿಸಿ, ಹಿಂದಿನ ಅಂಕಿಗಳೊಡನೆ ಹೋಲಿಸಬೇಕು. ಉಷ್ಣಾಂಶ ಮಿತಿಯೊಳಗಿದ್ದೂ ಯಂತ್ರ ನಿಲ್ಲುತ್ತಿದ್ದರೆ, ದೋಷವನ್ನು ವಿದ್ಯುತ್ ಪೂರೈಕೆಯೇ ಮೊದಲಾದ ಬೇರೆಡೆ ಹುಡುಕಬೇಕು.

ವರ್ಷಕ್ಕೆ ಎರಡು ಬಾರಿ, ಬೇಸಿಗೆಯ ಆರಂಭದಲ್ಲೊಮ್ಮೆ ಹಾಗೂ ಮಳೆಗಾಲದ ನಂತರ ಒಮ್ಮೆ, ಈ ಪರೀಕ್ಷೆ ನಡೆಸಿದರೆ ಅನಾವಶ್ಯಕ ವೆಚ್ಚವನ್ನೂ ದಾಖಲೆಗಳ ನಷ್ಟವನ್ನೂ ಬಹುಮಟ್ಟಿಗೆ ತಪ್ಪಿಸಬಹುದು.