ಕೂಡಿ ಬಾಳುವವರಿಗೆ ಮೃತ್ಯುಪತ್ರವೇ ಆಸರೆ

ಮದುವೆಯಾಗದೆ ಕೂಡಿ ಬಾಳುವವರಲ್ಲಿ ಒಬ್ಬರು ತೀರಿಕೊಂಡರೆ ಇನ್ನೊಬ್ಬರಿಗೆ ಆಸ್ತಿ ತಾನಾಗಿ ಬರುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ವಾರಸುದಾರರ ಪಟ್ಟಿಯಲ್ಲಿ ಇಂಥ ಜೊತೆಗಾರರಿಲ್ಲ. ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ತೋಟಕ್ಕೆ ಇಬ್ಬರೂ ಬೆವರು ಸುರಿಸಿರಬಹುದು. ಉತಾರದಲ್ಲಿ ಒಬ್ಬರದೇ ಹೆಸರಿದ್ದರೆ ಹೊಲ ಅವರ ಮನೆತನದವರ ಪಾಲಾಗುತ್ತದೆ. ವಿಜಯಪುರ ನಗರದ ಮನೆಯ ಗತಿಯೂ ಅದೇ.

ಬ್ಯಾಂಕಿನಲ್ಲಿ ನಾಮಿನಿ ಮಾಡಿಸಿದರೆ ಸಾಕೆಂದು ನಂಬಿ ಕೂಡುವುದೇ ದೊಡ್ಡ ತಪ್ಪು. ನಾಮಿನಿಗೆ ಹಣ ಕೈಗೆ ಬರುತ್ತದೆ, ಒಡೆತನ ಮಾತ್ರ ವಾರಸುದಾರರದು. ಮೃತ್ಯುಪತ್ರವೊಂದೇ ಗಟ್ಟಿ ದಾರಿ. ಅದಕ್ಕೆ ಛಾಪಾ ಕಾಗದ ಬೇಡ. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸುವುದು ಲೇಸು. ಅಣ್ಣತಮ್ಮಂದಿರು ತಕರಾರು ತೆಗೆದಾಗ ಕೆಲಸಕ್ಕೆ ಬರುತ್ತದೆ. ಪಿತ್ರಾರ್ಜಿತದಲ್ಲಿ ಸ್ವಂತ ಪಾಲನ್ನಷ್ಟೇ ಬರೆಯಬಹುದು. ಮುಸ್ಲಿಮರು ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರೆಯಲಾಗದು.

ಕರ್ನಾಟಕದ ರೇವಣಸಿದ್ದಪ್ಪ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ, ಅಸಿಂಧು ಮದುವೆಯ ಮಕ್ಕಳಿಗೂ ತಂದೆತಾಯಿಯ ಪಾಲಿನಲ್ಲಿ ಹಕ್ಕಿದೆ ಎಂದಿತು. ಆ ಆಸರೆ ಮಕ್ಕಳಿಗೆ ಸಿಕ್ಕಿತು, ಜೊತೆಗಾತಿಗೆ ಸಿಗಲಿಲ್ಲ.

ಮೈಯಲ್ಲಿ ಕಸುವಿರುವಾಗಲೇ ಬರೆದಿಡಿ. ಹಾಸಿಗೆ ಹಿಡಿದ ಮೇಲೆ ಬರೆಸಿದ ಮೃತ್ಯುಪತ್ರಕ್ಕೆ ಕೋರ್ಟಿನಲ್ಲಿ ಬಲು ಬೇಗ ಅನುಮಾನ ಅಂಟಿಕೊಳ್ಳುತ್ತದೆ.