ರಾಜೀನಾಮೆ ಕೊಡುವ ಮುನ್ನ

ಚಿ. ಪುಟ್ಟಿಗೆ,



ಕೆಲಸ ಬಿಟ್ಟು ಕಾಲೇಜು ಸೇರುತ್ತೀಯಂತೆ. ಅತ್ತಿಗೆ ಫೋನಿನಲ್ಲಿ ಅತ್ತುಕೊಂಡೇ ಹೇಳಿದರು. ‘ದೂರಶಿಕ್ಷಣದ ಡಿಗ್ರಿಗೆ ಯಾರು ಬೆಲೆ ಕೊಡ್ತಾರೆ?’ ಅಂದೆಯಂತೆ. ಅದನ್ನು ಕೇಳಿ ನನಗೆ ಸಿಟ್ಟು ಬಂತು.

ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ತೆರಪಿನ ಶಿಕ್ಷಣ ಶುರುಮಾಡಿತ್ತು. ನಾನು ಸೇರುವಾಗ ಕಚೇರಿಯೊಂದರಲ್ಲಿ ಟೈಪಿಸ್ಟ್, ಕಂಕುಳಲ್ಲಿ ಕೂಸು. ಪಾಠದ ಕಟ್ಟು ಅಂಚೆಯಲ್ಲಿ ಬರಬೇಕು. ಮನೆಯವರೆಲ್ಲ ಮಲಗಿದ ಮೇಲೆ ನನ್ನ ಓದು. ‘ಈ ವಯಸ್ಸಿಗೆ ಎಂಥ ಪರೀಕ್ಷೆ, ಕರೆಂಟು ದಂಡ’ ಎಂದು ನಮ್ಮತ್ತೆ ದೀಪ ಆರಿಸುತ್ತಿದ್ದರು. ಸಂಪರ್ಕ ತರಗತಿಗೆಂದು ಮೈಸೂರಿಗೆ ಹೋದರೆ ಬೆಂಚಿನ ತುಂಬ ಕಂಡಕ್ಟರು, ನರ್ಸು, ಪ್ರೈಮರಿ ಶಾಲೆ ಮೇಷ್ಟ್ರು. ಬ್ರಿಟಿಷರ ಕಾಲದ ಮನ್ರೋನ ರೈತವಾರಿ ಕಂದಾಯ ಪದ್ಧತಿಯ ಪಾಠ ನಡೆದಾಗ, ದಿನವೂ ಕಂದಾಯ ಬಾಕಿಯ ನೋಟೀಸು ಟೈಪು ಮಾಡುತ್ತಿದ್ದ ನಾನು ಎದ್ದು ನಿಂತು ಮೇಷ್ಟ್ರ ಜತೆ ವಾದಕ್ಕಿಳಿದಿದ್ದೆ. ಪಕ್ಕದ ಕಂಡಕ್ಟರು ಚಪ್ಪಾಳೆ ತಟ್ಟಿದ. ದುಡಿಯುವವರ ಓದಿಗೆ ಅಂಥ ಕಸುವಿದೆ ಕಣೇ. ಅದು ನಿನಗೂ ಸಿಗಲಿ ಅಂತ ನನ್ನಾಸೆ.

ಆ ಅಂಚೆ ಶಿಕ್ಷಣದ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. 2013ರಿಂದ ಕೆಲವು ವರ್ಷ ಯುಜಿಸಿ ಮಾನ್ಯತೆಯಿಲ್ಲದೆ ಮಕ್ಕಳು ಪರದಾಡಿದ್ದು ನಿಜ. 2018ರಲ್ಲಿ ಅದು ಮರಳಿತು. ನಿನ್ನ ಅನುಮಾನ ಅಲ್ಲಿಂದ ಹುಟ್ಟಿದ್ದರೆ ತಪ್ಪೆನ್ನಲಾರೆ. ಆದರೆ ಮಾನ್ಯತೆಯಿರುವ ಕಡೆ ಪಡೆದ ದೂರಶಿಕ್ಷಣದ ಪದವಿಯೂ ರೆಗ್ಯುಲರ್ ಪದವಿಗೆ ಸಮವೆಂದು ಯುಜಿಸಿಯೇ ಹೇಳಿದೆ. ಯಾವ ಕೋರ್ಸಿಗೆ, ಯಾವ ವರ್ಷಕ್ಕೆ ಮಾನ್ಯತೆಯಿದೆ ಎಂಬುದನ್ನು ಅದರ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೀನೇ ನೋಡು. ವರ್ಷದೊಳಗೆ ಡಿಗ್ರಿ ಕೊಡಿಸುವ ಏಜೆಂಟರು ಬಂದರೆ ಹೊಸಿಲು ದಾಟಿಸಬೇಡ.

ಕಾಲೇಜು ಬೇಡವೆನ್ನುತ್ತಿಲ್ಲ. ಅಲ್ಲಿ ಲೈಬ್ರರಿಯಿದೆ, ಗೆಳತಿಯರು ಸಿಗುತ್ತಾರೆ, ಬೆನ್ನು ಹತ್ತುವ ಮೇಷ್ಟ್ರಿರುತ್ತಾರೆ. ನಿರ್ಧಾರ ನಿನ್ನದೇ. ಆದರೆ ಮನೆಸಾಲದ ಕಂತು ಯಾರು ಕಟ್ಟುತ್ತಾರೆ? ನಿಮ್ಮಪ್ಪನ ಪಿಂಚಣಿಯೇ? ಸಂಜೆ ಎರಡು ತಾಸು ಮೊಬೈಲು ಕೆಳಗಿಡಲಾಗದವಳು ರಾಜೀನಾಮೆ ಕೊಟ್ಟ ಮಾತ್ರಕ್ಕೆ ಓದಿಬಿಡುತ್ತೀಯಾ?

ಬೈದೆನೆಂದು ಮುನಿಸಿಕೊಳ್ಳಬೇಡ. ಮೂವತ್ತು ದಾಟಿದ ಮೇಲೂ ಓದಬೇಕೆನ್ನುವ ಹಟ ನಮ್ಮ ಮನೆತನದಲ್ಲಿ ಇನ್ನೊಬ್ಬಳಿಗೆ ಬಂದಿದೆಯಲ್ಲ, ಅಷ್ಟು ಸಂತೋಷ ಸಾಕು. ಮೊದಲ ವರ್ಷದ ಫೀಸು ನನ್ನದು. ನನ್ನ ಮಾತು ಮೀರಿ ಕಾಲೇಜಿಗೇ ಹೋದರೂ ಕಟ್ಟುತ್ತೇನೆ, ಗೊಣಗಿಕೊಂಡು.

ನಿನ್ನ ಸೋದರತ್ತೆ