ಉಪ್ಪುನೀರಿನ ಮೀನು ತೊಟ್ಟಿಗೆ ಓಝೋನ್: ಉಪಯೋಗ ಮತ್ತು ಎಚ್ಚರಿಕೆ

ಬಿಡದಿಗೆ ಸಮೀಪದ ಬೈರಮಂಗಲ ಜಲಾಶಯದ ನೊರೆಯನ್ನು ಕಾಣದವರು ಆ ಭಾಗದಲ್ಲಿ ವಿರಳ. ವೃಷಭಾವತಿ ನದಿಗೆ ಅಡ್ಡಲಾಗಿ 1940ರ ದಶಕದಲ್ಲಿ ಕಟ್ಟಿದ ಈ ಜಲಾಶಯಕ್ಕೆ ಹಲವು ದಶಕಗಳಿಂದ ಬೆಂಗಳೂರಿನ ಕೊಳಚೆ ನೀರೂ ಕಾರ್ಖಾನೆಗಳ ತ್ಯಾಜ್ಯವೂ ಹರಿದು ಬಂದಿವೆ. ನೀರು ಮೇಲಿನಿಂದ ಧುಮುಕುವಾಗ ಅದರಲ್ಲಿರುವ ಮಾರ್ಜಕಗಳು ಮತ್ತು ಕೊಳೆತ ಸಾವಯವ ವಸ್ತುಗಳು ಗಾಳಿಯ ಗುಳ್ಳೆಗಳಿಗೆ ಅಂಟಿಕೊಂಡು ಬಿಳಿಯ ನೊರೆಯಾಗಿ ಮೇಲೇಳುತ್ತವೆ. ನೊರೆ ಗಾಳಿಗೆ ಹಾರಿಹೋದರೂ ಕೆಳಗೆ ಹರಿಯುವ ನೀರು ಶುದ್ಧವಾಗುವುದಿಲ್ಲ ಎಂಬುದನ್ನು ಆ ನೀರಿನಿಂದ ಬೇಸಾಯ ಮಾಡಿದವರಿಗೆ ಬೇರೆಯವರು ತಿಳಿಸಬೇಕಾಗಿಲ್ಲ.

ಇದೇ ನೊರೆಯ ಗುಣವನ್ನು ಸಮುದ್ರ ಮೀನು ಸಾಕುವ ಗಾಜಿನ ತೊಟ್ಟಿಗಳಲ್ಲಿ ಒಳ್ಳೆಯ ಕೆಲಸಕ್ಕೆ ಬಳಸಿಕೊಳ್ಳಲಾಗುತ್ತದೆ. ಒಂದು ಕೊಳವೆಯಲ್ಲಿ ನೀರಿಗೆ ಸಣ್ಣ ಸಣ್ಣ ಗುಳ್ಳೆಗಳನ್ನು ಬಿಟ್ಟು, ಮೀನಿನ ಹಿಕ್ಕೆ ಮತ್ತು ಉಳಿದ ಆಹಾರದಿಂದ ಬಂದ ಕೊಳೆಯನ್ನು ನೊರೆಯ ರೂಪದಲ್ಲಿ ಹೊರತೆಗೆಯುತ್ತಾರೆ. ಅಂಗಡಿಗಳಲ್ಲಿ ಇದನ್ನು ಪ್ರೋಟೀನ್ ಸ್ಕಿಮ್ಮರ್ ಎನ್ನುತ್ತಾರೆ. ಈ ಲೇಖನದಲ್ಲಿ ನೊರೆಗೊಳವೆ ಎಂದು ಕರೆಯಲಾಗಿದೆ. ಓಝೋನ್ ಅನಿಲವನ್ನು ಸೇರಿಸುವುದು ಈ ಕೊಳವೆಗೇ.

ಅಲಂಕಾರಿಕ ಮೀನು ಸಾಕಣೆ ರೈತ ಕುಟುಂಬಗಳಿಗೆ ಒಂದು ಉಪಕಸುಬಾಗಬಲ್ಲದು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಿಹಿನೀರಿನ ಮೀನುಗಳ ಜೊತೆಗೆ ಸಮುದ್ರದ ಅಲಂಕಾರಿಕ ಮೀನುಗಳಿಗೂ ಸ್ಥಾನ ನೀಡಲಾಯಿತು. ರಾಮನಗರ, ಮಾಗಡಿ, ಕನಕಪುರ ಭಾಗದವರಿಗೆ ಬೆಂಗಳೂರಿನ ಮಾರುಕಟ್ಟೆಯೂ ಹತ್ತಿರ. ಆದರೆ ಉಪಕರಣ ಕೊಂಡಷ್ಟು ಸುಲಭವಾಗಿ ಅದರ ಬಳಕೆ ಕೈಗೆ ಹತ್ತುವುದಿಲ್ಲ. ಓಝೋನ್ ಯಂತ್ರದ ವಿಷಯದಲ್ಲಂತೂ ಒಂದು ರಾತ್ರಿಯ ಅಜಾಗರೂಕತೆ ಸಾಕು, ತೊಟ್ಟಿಯ ಮೀನುಗಳೆಲ್ಲ ಸಾಯಲು.

ಓಝೋನ್ ಎಂದರೇನು?

ನಾವು ಉಸಿರಾಡುವ ಆಮ್ಲಜನಕದ ಕಣದಲ್ಲಿ ಎರಡು ಪರಮಾಣುಗಳಿದ್ದರೆ ಓಝೋನ್ ಕಣದಲ್ಲಿ ಮೂರು ಇರುತ್ತವೆ. ಮೂರನೆಯದು ಬೇಗನೆ ಕಳಚಿಕೊಂಡು ಎದುರಿಗೆ ಸಿಕ್ಕ ವಸ್ತುವನ್ನು ಸುಟ್ಟಂತೆ ಮಾರ್ಪಡಿಸುತ್ತದೆ. ಸಿಡಿಲು ಬಡಿದ ಮೇಲೆ ಅಥವಾ ಝೆರಾಕ್ಸ್ ಯಂತ್ರದ ಬಳಿ ಬರುವ ಚುರುಕು ವಾಸನೆ ಇದರದೇ. 1840ರಲ್ಲಿ ಷೋನ್‌ಬೈನ್ ಎಂಬ ವಿಜ್ಞಾನಿ, ವಾಸನೆ ಬೀರುವುದು ಎಂಬ ಅರ್ಥದ ಗ್ರೀಕ್ ಪದದಿಂದ ಇದಕ್ಕೆ ಈ ಹೆಸರಿಟ್ಟರು. ಫ್ರಾನ್ಸಿನ ನೀಸ್ ನಗರದಲ್ಲಿ 1906ರಿಂದ ಕುಡಿಯುವ ನೀರಿನ ಶುದ್ಧೀಕರಣಕ್ಕೆ ಇದನ್ನು ಬಳಸಲಾಯಿತು.

ಮೀನು ತೊಟ್ಟಿಯಲ್ಲಿ ಓಝೋನ್ ಮಾಡುವ ಕೆಲಸ ಮುಖ್ಯವಾಗಿ ಎರಡು. ನೀರಿಗೆ ಹಳದಿ ಬಣ್ಣ ಕೊಡುವ ಸಾವಯವ ವಸ್ತುಗಳನ್ನು ಒಡೆದು ನೀರನ್ನು ತಿಳಿಯಾಗಿಸುತ್ತದೆ. ನೊರೆಗೊಳವೆಯೊಳಗೆ ಕೆಲವು ರೋಗಾಣುಗಳನ್ನು ನಾಶಮಾಡುತ್ತದೆ.

ಅದು ಮಾಡದ ಕೆಲಸಗಳನ್ನೂ ತಿಳಿದಿರಬೇಕು. ಓಝೋನ್ ನೈಟ್ರೇಟ್ ಮತ್ತು ಫಾಸ್ಫೇಟನ್ನು ನೀರಿನಿಂದ ಹೊರಹಾಕುವುದಿಲ್ಲ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂನಂತಹ ಭಾರಲೋಹಗಳನ್ನು ಇಲ್ಲವಾಗಿಸುವುದಿಲ್ಲ. ಮೀನಿನ ಮೈಮೇಲೆ ಈಗಾಗಲೇ ಹತ್ತಿರುವ ಬಿಳಿಚುಕ್ಕೆ ರೋಗವನ್ನು ಗುಣಪಡಿಸುವುದಿಲ್ಲ. ತಿಳಿಯಾಗಿ ಕಾಣುವ ನೀರೆಲ್ಲ ಒಳ್ಳೆಯ ನೀರಲ್ಲ.

ಮೊದಲು ನೀರು, ಆಮೇಲೆ ಯಂತ್ರ

ಬೈರಮಂಗಲದ ಸುತ್ತ ನಡೆದ ಅಧ್ಯಯನಗಳಲ್ಲಿ ನೀರು, ಮಣ್ಣು ಮತ್ತು ಬೆಳೆಗಳಲ್ಲಿ ಭಾರಲೋಹಗಳು ಕಂಡುಬಂದಿವೆ. ಆದ್ದರಿಂದ ಜಲಾಶಯದ ನೀರನ್ನಾಗಲಿ ಕಾಲುವೆಯ ನೀರನ್ನಾಗಲಿ ಓಝೋನ್ ಹಾಯಿಸಿ ಮೀನಿಗೆ ಬಳಸಬಹುದೆಂಬ ಲೆಕ್ಕಾಚಾರ ಸಲ್ಲದು. ಕಾಲುವೆಗೆ ಹತ್ತಿರದ ಬಾವಿ ಹಾಗೂ ಕೊಳವೆಬಾವಿಗಳ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸದೆ ಉಪಯೋಗಿಸಬಾರದು.

ತೊಟ್ಟಿಗೆ ಆರ್.ಓ. ವಿಧಾನದಲ್ಲಿ ಶೋಧಿಸಿದ ನೀರು ಉತ್ತಮ. ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದರೆ ಅದರಲ್ಲಿ ಕ್ಲೋರಿನ್ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಈ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂನಂತೆ ಅಕ್ವೇರಿಯಂ ಸಮುದ್ರ ಲವಣವನ್ನು ಬೆರೆಸಬೇಕು. 200 ಲೀಟರಿನ ತೊಟ್ಟಿಗೆ 7 ಕಿಲೋ ಆಗುತ್ತದೆ. ಅಡುಗೆ ಉಪ್ಪಿನಲ್ಲಿ ಸಮುದ್ರದ ಇತರ ಲವಣಗಳು ಇಲ್ಲದ ಕಾರಣ ಅದು ನಡೆಯದು.

ಸಮುದ್ರ ನೀರಿನಲ್ಲಿರುವ ವಿಶೇಷ ಅಪಾಯ

ಸಿಹಿನೀರಿನಲ್ಲಿ ಕರಗಿದ ಓಝೋನ್ ಸಾಮಾನ್ಯವಾಗಿ ನಿಮಿಷಗಳಲ್ಲಿ ಒಡೆದು ಆಮ್ಲಜನಕವಾಗುತ್ತದೆ. ಸಮುದ್ರ ನೀರಿನಲ್ಲಿ ಹಾಗಲ್ಲ. ಅದರ ಪ್ರತಿ ಲೀಟರಿನಲ್ಲಿ ಸುಮಾರು 65 ಮಿಲಿಗ್ರಾಂ ಬ್ರೊಮೈಡ್ ಇರುತ್ತದೆ. ಓಝೋನ್ ಇದರೊಡನೆ ಕೂಡಿ, ಬ್ಲೀಚಿಂಗ್ ಪುಡಿಯ ಕ್ಲೋರಿನ್ ಹಾಗೆಯೇ ವರ್ತಿಸುವ ಬ್ರೊಮಿನ್ ಸಂಯುಕ್ತಗಳನ್ನು ಉಂಟುಮಾಡುತ್ತದೆ. ಓಝೋನ್ ಮಾಯವಾದ ಮೇಲೂ ಇವು ನೀರಿನಲ್ಲಿ ಉಳಿದು ಮೀನಿನ ಕಿವಿರುಗಳನ್ನು ಸುಡುತ್ತವೆ. ಲೀಟರಿಗೆ ಒಂದು ಮಿಲಿಗ್ರಾಮಿನ ಹತ್ತರಲ್ಲಿ ಒಂದು ಪಾಲು ಉಳಿದರೂ ಸೂಕ್ಷ್ಮ ಜೀವಿಗಳಿಗೆ ಹಾನಿ. ಮೀನನ್ನು ಕೊಲ್ಲುವುದು ಹೆಚ್ಚಾಗಿ ಈ ಶೇಷವೇ.

ರೇಷ್ಮೆ ಬೆಳೆಗಾರರಿಗೆ ಇದನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ಹುಳು ಮನೆಗೆ ಬ್ಲೀಚಿಂಗ್ ಪುಡಿಯ ದ್ರಾವಣ ಸಿಂಪಡಿಸುವುದು ಹುಳು ತರುವುದಕ್ಕೆ ಮುಂಚೆ. ಮೇಯುತ್ತಿರುವ ಹುಳುವಿನ ಮೇಲೆ ಅದನ್ನು ಯಾರೂ ಸುರಿಯುವುದಿಲ್ಲ. ಮೀನು ತೊಟ್ಟಿಯಲ್ಲಾದರೋ ಜೀವಿಗಳು ಒಳಗಿರುವಾಗಲೇ ಸೋಂಕುನಾಶಕ ಕೆಲಸ ಮಾಡಬೇಕು. ಆದ್ದರಿಂದ ಅದನ್ನು ಬೇರೊಂದು ಕೊಳವೆಯಲ್ಲಿ ಬಂಧಿಸಿ, ಹೊರಬರುವ ನೀರನ್ನು ಸಕ್ರಿಯ ಇದ್ದಿಲಿನ ಮೂಲಕ ಹಾಯಿಸಿ, ನಂತರವೇ ಮೀನಿರುವಲ್ಲಿಗೆ ಬಿಡಬೇಕು. ಗಾಳಿಗುಂಡಿನ ಮೂಲಕ ಓಝೋನನ್ನು ನೇರವಾಗಿ ತೊಟ್ಟಿಗೆ ಬಿಡುವುದು ಎಂದಿಗೂ ಕೂಡದು.

ಪ್ರಮಾಣ

ಸಮುದ್ರ ಮೀನಿನ ತೊಟ್ಟಿಗೆ ಪ್ರತಿ 100 ಲೀಟರ್ ನೀರಿಗೆ ಗಂಟೆಗೆ ಸುಮಾರು 10 ಮಿಲಿಗ್ರಾಂ ಓಝೋನನ್ನು ಮೇಲ್ಮಿತಿಯೆಂದು ಇಟ್ಟುಕೊಳ್ಳಬಹುದು. ಆರಂಭದಲ್ಲಿ ಇದರ ಕಾಲು ಭಾಗ ಮಾತ್ರ ಸಾಕು. 200 ಲೀಟರಿನ ತೊಟ್ಟಿಗೆ ಗಂಟೆಗೆ 5 ಮಿಲಿಗ್ರಾಂನಿಂದ ಪ್ರಾರಂಭಿಸಿ, ಕೆಲವು ದಿನಗಳ ಅಂತರದಲ್ಲಿ ಸ್ವಲ್ಪ ಸ್ವಲ್ಪವೇ ಏರಿಸಬೇಕು. 20 ಮಿಲಿಗ್ರಾಂ ಮೀರಬಾರದು. ನೀರು ತಿಳಿಯಾದ ಮೇಲೆ ಇನ್ನೂ ಏರಿಸುವ ಅಗತ್ಯವಿಲ್ಲ.

ತರಕಾರಿ ತೊಳೆಯಲು ಮಾರುವ ಓಝೋನ್ ಯಂತ್ರಗಳು ಅಗ್ಗವೆಂದು ಕೆಲವರು ಅದನ್ನೇ ಮೀನು ತೊಟ್ಟಿಗೆ ಜೋಡಿಸಲು ಹೊರಡುವುದುಂಟು. ಇವುಗಳಲ್ಲಿ ಗಂಟೆಗೆ 400 ಮಿಲಿಗ್ರಾಂ ಉತ್ಪಾದಿಸುವವು ಸಾಮಾನ್ಯ. 200 ಲೀಟರಿನ ತೊಟ್ಟಿಗೆ ಇದು ಮೇಲ್ಮಿತಿಯ 20 ಪಟ್ಟು! ಪ್ರಮಾಣವನ್ನು ಕಡಿಮೆ ಮಾಡುವ ಗುಂಡಿ ಇಲ್ಲದ ಯಂತ್ರವನ್ನು ಮೀನು ತೊಟ್ಟಿಗೆ ಬಳಸಲೇಬಾರದು.

ಗಾಳಿಯ ತೇವಾಂಶವೂ ಲೆಕ್ಕವನ್ನು ತಪ್ಪಿಸುತ್ತದೆ. ವಿದ್ಯುತ್ ಕಿಡಿಯಿಂದ ಓಝೋನ್ ತಯಾರಿಸುವ ಯಂತ್ರಕ್ಕೆ ತೇವದ ಗಾಳಿ ಹೋದರೆ ಉತ್ಪಾದನೆ ಕುಗ್ಗುತ್ತದೆ. ಒಳಗೆ ನೈಟ್ರಿಕ್ ಆಮ್ಲವೂ ಉಂಟಾಗಿ ಯಂತ್ರ ಕೆಡುತ್ತದೆ. ಆದ್ದರಿಂದ ತೇವ ಹೀರುವ ಸಿಲಿಕಾ ಹರಳುಗಳ ಮೂಲಕ ಗಾಳಿಯನ್ನು ಒಣಗಿಸಿ ಕಳುಹಿಸಬೇಕು. ಮಳೆಗಾಲದಲ್ಲಿ ಹರಳುಗಳು ಬೇಗನೆ ಬಣ್ಣ ಬದಲಿಸುತ್ತವೆ. ಹೊಸ ಹರಳು ಹಾಕಿದ ದಿನ ಓಝೋನ್ ಇದ್ದಕ್ಕಿದ್ದಂತೆ ಹೆಚ್ಚುತ್ತದೆಯಾದ್ದರಿಂದ, ಅಂದು ಗುಂಡಿಯನ್ನು ತಗ್ಗಿಸಿ ಮತ್ತೆ ನಿಧಾನವಾಗಿ ಏರಿಸಬೇಕು.

ಅಳತೆ

ಓಝೋನನ್ನು ಕಣ್ಣಂದಾಜಿನಿಂದ ಕೊಡುವಂತಿಲ್ಲ. ಎರಡು ಅಳತೆಗಳು ಅವಶ್ಯ.

ಮೊದಲನೆಯದು ಓ.ಆರ್.ಪಿ. ಮಾಪಕ. ಇದು ನೀರಿನ ಉತ್ಕರ್ಷಣ ಶಕ್ತಿಯನ್ನು ಮಿಲಿವೋಲ್ಟ್‌ಗಳಲ್ಲಿ ತೋರಿಸುತ್ತದೆ. 300ರಿಂದ 375ರೊಳಗೆ ಇದ್ದರೆ ಸಾಕು. 400 ದಾಟಲು ಬಿಡಬಾರದು. ನಿಗದಿತ ಅಂಕಿ ಮುಟ್ಟಿದೊಡನೆ ಯಂತ್ರವನ್ನು ತಾನೇ ನಿಲ್ಲಿಸುವ ನಿಯಂತ್ರಕವಿದ್ದರೆ ಇನ್ನೂ ಒಳ್ಳೆಯದು. ಆದರೆ ಮಾಪಕದ ಕಡ್ಡಿಗೆ ಪಾಚಿ ಹಿಡಿದರೆ ಅದು ತಪ್ಪು ಅಂಕಿ ತೋರಿಸಿ ಯಂತ್ರವನ್ನು ಸುಮ್ಮನೆ ಓಡಿಸುತ್ತಲೇ ಇರಬಹುದು. ಕಾಲಕಾಲಕ್ಕೆ ಕಡ್ಡಿಯನ್ನು ತೊಳೆದು ಪ್ರಮಾಣ ದ್ರಾವಣದಲ್ಲಿ ಅದ್ದಿ ಸರಿನೋಡಬೇಕು. ನಿಯಂತ್ರಕವಿದೆಯೆಂದು ದೊಡ್ಡ ಯಂತ್ರ ಕೊಳ್ಳಬಾರದು. ನಿಯಂತ್ರಕ ಕೆಟ್ಟರೂ ಮೀನು ಉಳಿಯುವಷ್ಟು ಚಿಕ್ಕ ಯಂತ್ರವೇ ಇರಬೇಕು.

ಎರಡನೆಯದು ಶೇಷದ ಪರೀಕ್ಷೆ. ಡಿ.ಪಿ.ಡಿ. ಎಂಬ ಒಟ್ಟು ಕ್ಲೋರಿನ್ ಪರೀಕ್ಷಾ ಪೆಟ್ಟಿಗೆ ಬ್ರೊಮಿನ್ ಶೇಷವನ್ನೂ ತೋರಿಸುತ್ತದೆ. ಇದ್ದಿಲನ್ನು ದಾಟಿ ಬಂದ ನೀರಿನ ಮಾದರಿಯಲ್ಲಿ ಗುಲಾಬಿ ಬಣ್ಣ ಬರಬಾರದು. ಬಣ್ಣ ಕಂಡರೆ ಓಝೋನನ್ನು ನಿಲ್ಲಿಸಿ ಇದ್ದಿಲನ್ನು ಬದಲಾಯಿಸಬೇಕು. ಬಣ್ಣ ಕಾಣದಿದ್ದರೂ ತಿಂಗಳಿಗೊಮ್ಮೆ ಹೊಸ ಇದ್ದಿಲು ಹಾಕುವುದು ಕ್ಷೇಮ. ಬ್ರೊಮೇಟ್ ಎಂಬ ಇನ್ನೊಂದು ಶೇಷ ಇದ್ದಿಲಿಗೂ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ಓಝೋನನ್ನು ಮಿತವಾಗಿ ಕೊಡುವುದೇ ಅದಕ್ಕೆ ಮದ್ದು.

ಜೋಡಣೆ ಮತ್ತು ವಿದ್ಯುತ್

1. ಯಂತ್ರವನ್ನು ತೊಟ್ಟಿಯ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ ಇಡಬೇಕು. ಕೆಳಗಿಟ್ಟರೆ ಕರೆಂಟು ಹೋದಾಗ ಉಪ್ಪುನೀರು ನಳಿಗೆಯ ಮೂಲಕ ಹಿಂದಕ್ಕೆ ಹರಿದು ಯಂತ್ರ ಸೇರಿ, ಮುಟ್ಟಿದವರಿಗೆ ಶಾಕ್ ಹೊಡೆಯಬಹುದು.

2. ನಳಿಗೆಯಲ್ಲಿ ನೀರು ಹಿಂದಕ್ಕೆ ಬಾರದಂತೆ ನಾನ್ ರಿಟರ್ನ್ ವಾಲ್ವ್ ಇರಬೇಕು. ಓಝೋನ್ ಇದನ್ನೂ ಸವೆಸುವುದರಿಂದ ಆಗಾಗ್ಗೆ ಊದಿ ನೋಡಿ ಪರೀಕ್ಷಿಸಬೇಕು. ಊದುವ ಮುನ್ನ ಯಂತ್ರ ನಿಲ್ಲಿಸಿ ವಾಲ್ವನ್ನು ಕಳಚಿಕೊಳ್ಳಬೇಕು.

3. ಸಾಮಾನ್ಯ ರಬ್ಬರ್ ನಳಿಗೆ ಓಝೋನ್‌ಗೆ ಬಿರುಕು ಬಿಡುತ್ತದೆ. ಸಿಲಿಕೋನ್ ಅಥವಾ ಟೆಫ್ಲಾನ್ ನಳಿಗೆ ಬಳಸಬೇಕು.

4. ಓಝೋನ್ ಯಂತ್ರವನ್ನೂ ನೊರೆಗೊಳವೆಯ ಪಂಪನ್ನೂ ಒಂದೇ ಸ್ವಿಚ್ಚಿಗೆ ಜೋಡಿಸಬೇಕು. ನೀರು ಹರಿಯದಿರುವಾಗ ಓಝೋನ್ ಮಾತ್ರ ಓಡಬಾರದು. ಹಳ್ಳಿಗಳಲ್ಲಿ ಕರೆಂಟು ಹೋಗಿ ಬರುವುದು ಸಾಮಾನ್ಯ. ಮರಳಿ ಬಂದಾಗ ಪಂಪಿಗೆ ಗಾಳಿ ಹಿಡಿದು ನೀರೆತ್ತದೆ ಇದ್ದರೂ ಓಝೋನ್ ಯಂತ್ರ ಓಡತೊಡಗುತ್ತದೆ. ಪ್ರತಿ ಸಲವೂ ನೀರು ಹರಿಯುತ್ತಿದೆಯೇ ಎಂದು ನೋಡಬೇಕು.

5. ಹೊಸ ತೊಟ್ಟಿಗೆ ತಕ್ಷಣ ಓಝೋನ್ ಕೊಡಬಾರದು. ಕಸವನ್ನು ಕರಗಿಸುವ ಉಪಕಾರಿ ಬ್ಯಾಕ್ಟೀರಿಯಾಗಳು ನೆಲೆಗೊಂಡು ತೊಟ್ಟಿ ಎರಡು ಮೂರು ತಿಂಗಳು ಸರಿಯಾಗಿ ನಡೆದ ಮೇಲೆ ನೋಡಬಹುದು.

ಮನೆಯವರ ಕ್ಷೇಮ

ಓಝೋನ್ ಮೀನಿಗಷ್ಟೇ ಅಲ್ಲ, ಮನುಷ್ಯರ ಶ್ವಾಸಕೋಶಕ್ಕೂ ಕೆಡುಕು. ಕೆಲಸದ ಸ್ಥಳಗಳ ಗಾಳಿಯಲ್ಲಿ ದಶಲಕ್ಷದಲ್ಲಿ 0.1 ಭಾಗಕ್ಕಿಂತ ಹೆಚ್ಚು ಓಝೋನ್ ಇರಬಾರದೆಂಬ ಮಿತಿಯನ್ನು ಸಾಮಾನ್ಯವಾಗಿ ಅನುಸರಿಸಲಾಗುತ್ತದೆ. ಕಣ್ಣುರಿ, ಒಣ ಕೆಮ್ಮು, ತಲೆನೋವು, ಎದೆ ಹಿಡಿದಂತಾಗುವುದು ಇದರ ಲಕ್ಷಣಗಳು. ದಮ್ಮಿನ ಕಾಯಿಲೆಯವರಿಗೆ, ಮಕ್ಕಳಿಗೆ ಮತ್ತು ವೃದ್ಧರಿಗೆ ತೊಂದರೆ ಹೆಚ್ಚು.

ಆರಂಭದಲ್ಲಿ ವಾಸನೆ ತಿಳಿದರೂ ಸ್ವಲ್ಪ ಹೊತ್ತಿನಲ್ಲಿ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ವಾಸನೆ ನಿಂತಿತೆಂದರೆ ಅನಿಲ ನಿಂತಿತೆಂದು ತಿಳಿಯಬಾರದು. ಹೊರಗಿನಿಂದ ಒಳಗೆ ಬಂದವರಿಗೆ ವಾಸನೆ ಹತ್ತಿದರೆ ಕೂಡಲೇ ಯಂತ್ರ ನಿಲ್ಲಿಸಿ ಕಿಟಕಿ ಬಾಗಿಲು ತೆರೆಯಬೇಕು. ನೊರೆಗೊಳವೆಯ ಮೇಲಿಂದ ಹೊರಬರುವ ಗಾಳಿಯೂ ಇದ್ದಿಲಿನ ಡಬ್ಬಿಯನ್ನು ದಾಟಿಯೇ ಹೋಗುವಂತೆ ಮಾಡಬೇಕು. ಮಲಗುವ ಕೋಣೆಯಲ್ಲಿ ಅಥವಾ ರೇಷ್ಮೆ ಹುಳು ಮನೆಯಲ್ಲಿ ಇಂತಹ ತೊಟ್ಟಿ ಇಡಬಾರದು.

ಪ್ರಮಾಣ ಮೀರಿದಾಗ

ಮೀನುಗಳು ಮೇಲೆ ಬಂದು ಬಾಯಿ ತೆರೆದು ಉಸಿರಾಡುವುದು, ಕಿವಿರುಗಳನ್ನು ಬೇಗಬೇಗನೆ ಬಡಿಯುವುದು, ಮೇವು ಬಿಡುವುದು ಕಂಡುಬಂದರೆ ಮೊದಲು ಓಝೋನ್ ನಿಲ್ಲಿಸಬೇಕು. ಗಾಳಿಯನ್ನು ಹೆಚ್ಚಿಸಿ, ಹೊಸ ಇದ್ದಿಲು ಹಾಕಿ, ಮೊದಲೇ ಬೆರೆಸಿಟ್ಟ ಉಪ್ಪುನೀರಿನಿಂದ ತೊಟ್ಟಿಯ ನೀರಿನ ಒಂದು ಭಾಗವನ್ನು ಬದಲಿಸಬೇಕು. ಇದಕ್ಕಾಗಿ ಒಂದು ಡ್ರಮ್ ಉಪ್ಪುನೀರು ಸದಾ ಸಿದ್ಧವಿರಲಿ. ಕ್ಲೋರಿನ್ ನಿವಾರಣೆಗೆ ಬಳಸುವ ಸೋಡಿಯಂ ಥಯೋಸಲ್ಫೇಟ್ ಈ ಶೇಷವನ್ನೂ ತಟಸ್ಥಗೊಳಿಸುತ್ತದೆ.

ಹವಳದ ಬಗ್ಗೆ ಒಂದು ಮಾತು

ಹವಳ ಕಲ್ಲಲ್ಲ, ಪ್ರಾಣಿ. ನಮ್ಮ ಕರಾವಳಿಯಲ್ಲಿ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ದಿಬ್ಬ ಕಟ್ಟುವ ಹವಳಗಳು, ಸಮುದ್ರ ಬೀಸಣಿಗೆಗಳು ಮತ್ತು ಕಡಲ್ಗುದುರೆಗಳನ್ನು 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಅವುಗಳನ್ನು ಸಮುದ್ರದಿಂದ ತೆಗೆಯುವುದು, ಮಾರುವುದು ಶಿಕ್ಷಾರ್ಹ ಅಪರಾಧ. ತೊಟ್ಟಿಯ ಅಂದಕ್ಕೆಂದು ಯಾರಾದರೂ ಹವಳದ ಕಲ್ಲು ಮಾರಲು ಬಂದರೆ ಕೊಳ್ಳಬಾರದು. ಸುಟ್ಟ ಮಣ್ಣಿನ ಕೃತಕ ಕಲ್ಲು ಆ ಕೆಲಸ ಮಾಡುತ್ತದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕ್ಲೌನ್ ಮೀನುಗಳನ್ನು ಮರಿಕೇಂದ್ರದಲ್ಲೇ ಬೆಳೆಸುವ ತಂತ್ರವನ್ನು ರೂಪಿಸಿದೆ. ಹೀಗೆ ಹುಟ್ಟಿದ ಮರಿಗಳನ್ನೇ ಕೊಂಡರೆ ಸಮುದ್ರಕ್ಕೂ ನಷ್ಟವಿಲ್ಲ, ಮೀನೂ ತೊಟ್ಟಿಗೆ ಬೇಗ ಹೊಂದಿಕೊಳ್ಳುತ್ತದೆ.

ಓಝೋನ್ ಬೇಕೇ?

ಬಹುತೇಕ ಸಣ್ಣ ತೊಟ್ಟಿಗಳಿಗೆ ಬೇಡ. ಮೀನುಗಳ ಸಂಖ್ಯೆ ಮಿತವಾಗಿದ್ದು, ಮೇವು ಹದವಾಗಿದ್ದು, ನೊರೆಗೊಳವೆ ಚೊಕ್ಕಟವಾಗಿದ್ದು, ನೀರನ್ನು ಕಾಲಕಾಲಕ್ಕೆ ಭಾಗಶಃ ಬದಲಾಯಿಸುತ್ತಿದ್ದರೆ ಓಝೋನ್ ಇಲ್ಲದೆಯೇ ತೊಟ್ಟಿ ಚೆನ್ನಾಗಿ ನಡೆಯುತ್ತದೆ. ಇಷ್ಟೆಲ್ಲ ಮಾಡಿದರೂ ನೀರು ಹಳದಿಯಾಗಿ ಉಳಿದರೆ ಮೊದಲು ಬರೀ ಇದ್ದಿಲು ಹಾಕಿ ನೋಡಬೇಕು. ಅದರಿಂದಲೂ ಆಗದಿದ್ದಾಗ ಮಾತ್ರ ಯಂತ್ರದ ಯೋಚನೆ.

ಮಾಗಡಿ ತಾಲ್ಲೂಕಿನ ಚಂದುರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ, ಸಿಹಿನೀರಿನ ಮೀನುಗಳಲ್ಲಿ ಕೈ ಪಳಗಿಸಿಕೊಂಡ ಮೇಲೆ ಸಮುದ್ರ ಮೀನಿಗೆ ಕೈಹಾಕುವುದು ಲೇಸು.

ನೆನಪಿಡಬೇಕಾದ ಅಂಶಗಳು

ಕೆಟ್ಟ ನೀರನ್ನು ಓಝೋನ್ ಒಳ್ಳೆಯದು ಮಾಡದು. 100 ಲೀಟರಿಗೆ ಗಂಟೆಗೆ 10 ಮಿಲಿಗ್ರಾಂ ಮೀರಬಾರದು. ಮಾಪಕ 400 ಮಿಲಿವೋಲ್ಟ್ ದಾಟಬಾರದು. ನೀರೂ ಗಾಳಿಯೂ ಇದ್ದಿಲನ್ನು ದಾಟಿಯೇ ಹೊರಬರಬೇಕು. ಪಂಪು ನಿಂತರೆ ಓಝೋನೂ ನಿಲ್ಲಬೇಕು. ಮನೆಯಲ್ಲಿ ವಾಸನೆ ಬಂದರೆ ಮೊದಲು ಸ್ವಿಚ್ ಆರಿಸಿ, ಆಮೇಲೆ ಕಾರಣ ಹುಡುಕಬೇಕು.